ಹುಲ್ಲು, ಹಿಂಡು, ಕಿಚ್ಚು: ಚಿಕ್ಕೋಡಿ ಸೀಮೆಯ ಸಾರ್ವಜನಿಕ ಭೂಮಿಯಲ್ಲಿ ಮೇಯಿಸುವಿಕೆಯ ವಿಚಾರ

ಕಾಳ್ಗಿಚ್ಚು ಎಂಬ ಮಾತು ಕಿವಿಗೆ ಬಿದ್ದೊಡನೆ ಓದುಗರ ಮನಸ್ಸು ಬಂಡೀಪುರ, ನಾಗರಹೊಳೆ, ಕುದುರೆಮುಖಗಳತ್ತ ಹರಿಯುವುದು ಸಹಜವೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ತಾಲ್ಲೂಕುಗಳಲ್ಲಿ ಅಂತಹ ಹೆಗ್ಗಾಡುಗಳಿಲ್ಲ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ಎರಡೂ ದಂಡೆಗಳಲ್ಲಿ ಎರೆಭೂಮಿಯೂ ಕಬ್ಬಿನ ತೋಟಗಳೂ ಹಬ್ಬಿಕೊಂಡಿವೆ. ಅವುಗಳ ಆಚೆಗೆ ಕಲ್ಲುಮಡ್ಡಿಗಳು, ಮರವಿರಳವಾದ ಗುಡ್ಡಗಳು, ಊರೂರಿನ ಗಾಯರಾಣಗಳು, ಅರಣ್ಯ ಇಲಾಖೆಯವರು ನೆಟ್ಟು ಬೆಳೆಸಿದ ನೆಡುತೋಪುಗಳು ಕಂಡುಬರುವುವು. ಈ ಸೀಮೆಯಲ್ಲಿ ಬೇಸಗೆಯ ಕಿಚ್ಚು ಎಂದರೆ ಬಹುಮಟ್ಟಿಗೆ ಹುಲ್ಲಿನ ಕಿಚ್ಚು. ನಿಪ್ಪಾಣಿಯ ಬಳಿಯ ಸ್ತವನಿಧಿಯ ಗುಡ್ಡಗಳಂತಹ ಎಡೆಗಳಲ್ಲಿ, ಸಂಕ್ರಾಂತಿ ಕಳೆದ ಮೇಲೆ ನಿಂತಲ್ಲಿಯೇ ಒಣಗಿದ ಕರಡಕ್ಕೆ ಒಂದು ಕಿಡಿ ತಗುಲಿದರೆ, ಇಳಿಜಾರಿನ ಗಾಳಿಯಲ್ಲಿ ಅದು ಗುಡ್ಡದ ನೆತ್ತಿಗೆ ಏರುವುದಕ್ಕೆ ಹೆಚ್ಚು ಹೊತ್ತು ಬೇಡ.

ಇಂತಹ ಕಿಚ್ಚಿನಿಂದ ಬಹುವರ್ಷಜೀವಿ ಹುಲ್ಲುಗಳಿಗೆ ಅಷ್ಟಾಗಿ ಹಾನಿಯಿಲ್ಲ. ಬುಡ ನೆಲದೊಳಗೆ ಜೀವ ಹಿಡಿದಿದ್ದು ಮೊದಲ ಮಳೆಗೆ ಮತ್ತೆ ಚಿಗುರುವುದು. ಸಾಯುವುವು ಎಳೆಯ ಸಸಿಗಳು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳ ಆಸರೆ ಹೋಗುವುದು. ಎಲ್ಲಕ್ಕೂ ಮಿಗಿಲಾಗಿ, ರೋಹಿಣಿ ಮಿರಗಗಳ ಬಿರುಸಾದ ಹನಿಗಳು ಬೀಳುವ ಹೊತ್ತಿಗೆ ಗುಡ್ಡದ ಮೈ ಬತ್ತಲಾಗಿದ್ದು, ತೆಳುವಾದ ಮಣ್ಣು ಹಳ್ಳದ ಪಾಲಾಗುವುದು. ಕಿಚ್ಚು ಕೆಳಗಿಳಿದರೆ ಬಣವೆಗಳಿಗೂ ಕಬ್ಬಿಗೂ ಅಪಾಯ ತಪ್ಪಿದ್ದಲ್ಲ.

ದನ ಕುರಿ ಮೇಯಿಸಿ ಹುಲ್ಲನ್ನು ಕಡಿಮೆ ಮಾಡಿದರೆ ಕಿಚ್ಚಿನ ಭಯವೂ ಕಡಿಮೆಯಾಗುವುದೆಂಬ ಮಾತು ಈಚಿನ ದಶಕಗಳಲ್ಲಿ ಅನೇಕ ದೇಶಗಳಲ್ಲಿ ಕೇಳಿಬಂದಿದೆ. ಕುರಿಗಾರಿಕೆ ನಮ್ಮ ಸೀಮೆಗೆ ಹೊಸದಲ್ಲ. ರಾಯಬಾಗ ತಾಲ್ಲೂಕಿನ ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಕರ್ನಾಟಕ ಮಹಾರಾಷ್ಟ್ರಗಳ ಕುರುಬರೂ ಧನಗರರೂ ನೆರೆಯುವರು. ನಿಪ್ಪಾಣಿಯ ಸಮೀಪದ ಅಕ್ಕೋಳದಲ್ಲಿ ೧೮೯೨ರಲ್ಲಿ ಹುಟ್ಟಿ, ಕುರಿ ಕಾಯುತ್ತಲೇ ಸಂತರೆನಿಸಿ, ೧೯೬೬ರಲ್ಲಿ ಕೊಲ್ಲಾಪುರ ಜಿಲ್ಲೆಯ ಆದಮಾಪುರದಲ್ಲಿ ದೇಹವಿಟ್ಟ ಬಾಳುಮಾಮಾ ಅವರ ಹೆಸರಿನ ಹಿಂಡುಗಳು ಇಂದಿಗೂ ಊರೂರು ಸಂಚರಿಸುತ್ತಿವೆ. ಹೀಗೆ ಹುಲ್ಲೂ ಉಂಟು, ಹಿಂಡೂ ಉಂಟು. ಆದರೂ ಗುಡ್ಡಗಳು ಉರಿಯುವುದೇಕೆ? ಕುರಿಗಳ ಸಂಖ್ಯೆಯಲ್ಲಿ ಇದಕ್ಕೆ ಉತ್ತರ ದೊರೆಯದು. ಹಿಂಡು ಯಾವ ತಿಂಗಳಲ್ಲಿ ಎಲ್ಲಿರುತ್ತದೆ ಎಂಬುದರಲ್ಲಿ ದೊರೆಯುವುದೆಂಬುದು ಈ ಲೇಖಕನ ಅಭಿಪ್ರಾಯ.

ಕಿಚ್ಚಿನ ಲೆಕ್ಕ

ಕಿಚ್ಚಿಗೆ ಉರುವಲು, ಗಾಳಿ, ಕಿಡಿ ಈ ಮೂರೂ ಬೇಕು. ಗಾಳಿಯನ್ನು ತಡೆಯುವುದು ಮನುಷ್ಯನ ಅಳವಲ್ಲ. ಕಿಡಿಯನ್ನು ತಡೆಯಲು ಪ್ರಯತ್ನಿಸಬಹುದು, ಆದರೆ ಪೂರ್ಣವಾಗಿ ಸಾಧಿಸಲಾಗದು. ಹೆದ್ದಾರಿಯ ಸಂಚಾರ, ವಿದ್ಯುತ್ ತಂತಿಗಳ ತಿಕ್ಕಾಟ, ಕಬ್ಬು ಕಡಿದ ಮೇಲೆ ಹೊಲದಲ್ಲಿಯೇ ರವದಿಗೆ ಹಚ್ಚುವ ಬೆಂಕಿ ಇವೆಲ್ಲ ಕಿಡಿಯ ಮೂಲಗಳೇ. ನಿಪ್ಪಾಣಿಯು ಬೀಡಿಯ ತಂಬಾಕಿಗೆ ಹೆಸರಾದ ಪೇಟೆ. ಸೇದಿ ಎಸೆದ ತುಂಡಿನ ಮಾತನ್ನು ಇಲ್ಲಿ ಬೇರೆಯಾಗಿ ಹೇಳಬೇಕಾಗಿಲ್ಲ. ಆದುದರಿಂದ ಮನುಷ್ಯನ ಕೈಗೆ ನಿಶ್ಚಿತವಾಗಿ ಸಿಕ್ಕುವುದು ಉರುವಲೊಂದೇ.

ಅಮೆರಿಕದ ಅರಣ್ಯವಿಜ್ಞಾನಿ ಜಾರ್ಜ್ ಬೈರಮ್ ೧೯೫೯ರಲ್ಲಿ ಕಿಚ್ಚಿನ ಉಗ್ರತೆಯನ್ನು ಅಳೆಯುವ ಸೂತ್ರವೊಂದನ್ನು ಕೊಟ್ಟನು. ಒಂದು ಕಿಲೋ ಉರುವಲು ಸುಟ್ಟಾಗ ಹೊರಬೀಳುವ ಶಾಖ, ಒಂದು ಚದರ ಮೀಟರಿನಲ್ಲಿ ಸುಡುವ ಉರುವಲಿನ ತೂಕ, ಕಿಚ್ಚು ಮುಂದುವರಿಯುವ ವೇಗ ಈ ಮೂರನ್ನೂ ಗುಣಿಸಿದರೆ, ಕಿಚ್ಚಿನ ಮುಂಚೂಣಿಯ ಒಂದೊಂದು ಮೀಟರಿನ ಉಗ್ರತೆ ಕಿಲೋವ್ಯಾಟಿನಲ್ಲಿ ದೊರೆಯುವುದು. ಅದರಿಂದ ಜ್ವಾಲೆಯ ಉದ್ದವನ್ನೂ ಅಂದಾಜು ಮಾಡಬಹುದು. ನಿದರ್ಶನಕ್ಕಾಗಿ ಒಂದು ಲೆಕ್ಕವನ್ನು ನೋಡೋಣ. ಹೆಕ್ಟೇರಿಗೆ ೪ ಟನ್ನು ಒಣ ಹುಲ್ಲು ನಿಂತಿರುವ ಗುಡ್ಡದಲ್ಲಿ ಕಿಚ್ಚು ಸೆಕೆಂಡಿಗೆ ೩೦ ಸೆಂಟಿಮೀಟರಿನಂತೆ ಹರಿಯುತ್ತಿದೆಯೆಂದು ಭಾವಿಸೋಣ. ಹುಲ್ಲಿನ ಶಾಖವನ್ನು ಕಿಲೋಗೆ ೧೮,೦೦೦ ಕಿಲೋಜೌಲ್ ಎಂದು ಹಿಡಿದರೆ, ಉಗ್ರತೆ ಮೀಟರಿಗೆ ೨,೧೬೦ ಕಿಲೋವ್ಯಾಟ್ ಆಗುವುದು. ಜ್ವಾಲೆ ಎರಡೂವರೆ ಮೀಟರಿಗೂ ಮಿಗಿಲು. ಅದೇ ಗುಡ್ಡದ ಹುಲ್ಲನ್ನು ಹೆಕ್ಟೇರಿಗೆ ೧ ಟನ್ನಿಗೆ ಇಳಿಸಿದರೆ ವೇಗವೂ ಕುಂದುವುದು. ಅದನ್ನು ೧೦ ಸೆಂಟಿಮೀಟರೆಂದು ಹಿಡಿದರೆ ಉಗ್ರತೆ ೧೮೦ ಕಿಲೋವ್ಯಾಟಿಗೆ ಬಂದು, ಜ್ವಾಲೆ ಮೊಣಕಾಲಿನಿಂದ ತೊಡೆಯವರೆಗಿನ ಎತ್ತರದಲ್ಲಿ ನಿಲ್ಲುವುದು.

ಈ ಎರಡು ಅಂಕೆಗಳ ನಡುವೆ ಒಂದು ಗಡಿಯುಂಟು. ಜ್ವಾಲೆ ಸುಮಾರು ೧.೨ ಮೀಟರಿಗಿಂತ ಕಿರಿದಾಗಿದ್ದರೆ, ಅಂದರೆ ಉಗ್ರತೆ ೩೫೦ ಕಿಲೋವ್ಯಾಟಿನ ಒಳಗಿದ್ದರೆ, ಹಸಿರು ಟೊಂಗೆ, ಸಲಿಕೆ, ಒದ್ದೆ ಗೋಣಿ ಹಿಡಿದ ಜನರು ಎದುರು ನಿಂತು ಅದನ್ನು ಬಡಿದು ನಂದಿಸಬಲ್ಲರು. ಅದಕ್ಕೆ ಮಿಕ್ಕರೆ ಸಮೀಪಕ್ಕೆ ಸುಳಿಯಲಾಗದು. ಅಗ್ನಿಶಾಮಕ ವಾಹನವೇರಲಾರದ ಗುಡ್ಡದಲ್ಲಿ ನಂದಿಸುವವರು ಅರಣ್ಯ ಇಲಾಖೆಯ ಕಾವಲುಗಾರರೂ ಊರಿನ ತರುಣರೂ ಆಗಿರುವುದರಿಂದ, ಈ ಗಡಿ ಪುಸ್ತಕದ ಮಾತಾಗಿ ಉಳಿಯದೆ ಜೀವದ ಪ್ರಶ್ನೆಯಾಗುವುದು. ಮೇಯಿಸುವಿಕೆಯಿಂದ ಕಿಚ್ಚು ಹುಟ್ಟದಂತಾಗುವುದೆಂದು ಯಾರೂ ಹೇಳಲಾರರು. ಹುಟ್ಟಿದ ಕಿಚ್ಚನ್ನು ಕೈಯಳವಿಗೆ ತರುವುದಷ್ಟೇ ಅದರ ಕೆಲಸ.

ಹುಲ್ಲಿನ ಪಂಚಾಂಗ, ಹಿಂಡಿನ ಪಂಚಾಂಗ

ನಮ್ಮ ಮಡ್ಡಿ ಗುಡ್ಡಗಳ ಮುಖ್ಯ ಹುಲ್ಲುಗಳಲ್ಲಿ ಸಸ್ಯಶಾಸ್ತ್ರಜ್ಞರು ಹೆಟೆರೊಪೋಗಾನ್ ಕಂಟಾರ್ಟಸ್ ಎಂದು ಕರೆಯುವ ಸೂಜಿಹುಲ್ಲು ಒಂದು. ಇದು ಮಿರಗದ ಮಳೆಗೆ ಚಿಗುರುವುದು. ಆಶ್ಲೇಷೆ ಮಘೆಗಳಲ್ಲಿ ಮೃದುವಾದ ಒಳ್ಳೆಯ ಮೇವಾಗುವುದು. ಉತ್ತರೆ ಹಸ್ತೆಗಳ ಹೊತ್ತಿಗೆ ತೆನೆ ಹಾಯತೊಡಗುವುದು. ಬೀಜ ಬಲಿತ ಮೇಲೆ ಅದರ ತುದಿಯ ಮುಳ್ಳು, ತಿರುಚಿದ ಬಾಲದ ಬಲದಿಂದ, ಕುರಿಯ ಉಣ್ಣೆಯೊಳಗೆ ಹೊಕ್ಕು ಚರ್ಮವನ್ನೂ ಚುಚ್ಚುವುದು. ಬಾಯಿ ಕಣ್ಣುಗಳಿಗೂ ಗಾಯ ಮಾಡುವುದು. ಕುರಿಗಾರನು ಆ ತಿಂಗಳುಗಳಲ್ಲಿ ಇಂತಹ ಗುಡ್ಡಕ್ಕೆ ಹಿಂಡನ್ನು ಹತ್ತಿಸಲೊಲ್ಲ ಎಂದರೆ ಅದು ಅವನ ಮೊಂಡುತನವಲ್ಲ. ದೀಪಾವಳಿ ಕಳೆದು ಬೀಜ ಉದುರಿದ ಮೇಲೆ ಚುಚ್ಚುವ ಭಯ ಹೋಗುವುದು, ಆದರೆ ಅಷ್ಟರಲ್ಲಿ ಹುಲ್ಲಿನ ಸತ್ವವೂ ಹೋಗಿರುವುದು. ಮೇವಿನಲ್ಲಿ ಪ್ರೋಟೀನಿನ ಅಂಶ ನೂರಕ್ಕೆ ಏಳರ ಕೆಳಗೆ ಇಳಿದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಸೊರಗಿ, ಅದು ತಿನ್ನುವುದನ್ನೇ ಕಡಿಮೆ ಮಾಡುವುದು. ಬಲಿತೊಣಗಿದ ಕರಡದಲ್ಲಿ ಈ ಅಂಶ ಏಳಕ್ಕಿಂತ ಬಹಳ ಕೆಳಗಿರುವುದು. ಫೆಬ್ರುವರಿಯಲ್ಲಿ ಕುರಿಗಳನ್ನು ಗುಡ್ಡಕ್ಕೆ ಬಿಟ್ಟರೆ, ಅವು ಕರಡವನ್ನು ಬಿಟ್ಟು ನಡುನಡುವಿನ ಹಸಿರನ್ನೂ ಗಿಡಗಳ ಉದುರೆಲೆಯನ್ನೂ ಬನ್ನಿ ಜಾಲಿಗಳ ಕಾಯಿಯನ್ನೂ ಆರಿಸಿ ತಿನ್ನುವುವು. ಸುಡಬಲ್ಲ ಉರುವಲು ನಿಂತಂತೆಯೇ ಉಳಿಯುವುದು.

ಹೀಗಾಗಿ ಕಿಚ್ಚನ್ನು ತಗ್ಗಿಸಬೇಕೆಂದರೆ ಹುಲ್ಲು ಹಸಿಯಾಗಿರುವಾಗ, ತೆನೆ ಬಲಿಯುವ ಮೊದಲು, ಅಂದರೆ ಆಗಸ್ಟಿನ ಕೊನೆಯಿಂದ ಅಕ್ಟೋಬರಿನ ಮೊದಲ ವಾರದವರೆಗೆ ಮೇಯಿಸಬೇಕು. ಬೇಸಗೆಯ ಬೆಂಕಿಗೆ ಮದ್ದನ್ನು ಮಳೆಗಾಲದಲ್ಲಿಯೇ ಅರೆಯಬೇಕು.

ಈಗ ಹಿಂಡಿನ ಪಂಚಾಂಗವನ್ನು ನೋಡೋಣ. ಇಲ್ಲಿಯ ಕುರಿಗಳು ಬಹುಮಟ್ಟಿಗೆ ದಖ್ಖನಿ ತಳಿಯವು: ಕಪ್ಪು ಮೈ, ಒರಟು ಉಣ್ಣೆ, ದೂರ ನಡೆಯಬಲ್ಲ ಕಾಲು. ಕಂಬಳಿಗೆ ಒದಗುವ ಈ ತಳಿ ಬರವನ್ನು ಸಹಿಸಬಲ್ಲುದು, ಜಡಿಮಳೆಯನ್ನು ಸಹಿಸದು. ಒದ್ದೆ ನೆಲದಲ್ಲಿ ಗೊರಸು ಕೊಳೆಯುವುದು, ಜಂತುಬಾಧೆ ಹೆಚ್ಚುವುದು. ನಮ್ಮ ಐದು ತಾಲ್ಲೂಕುಗಳಲ್ಲಿ ಮಳೆ ಪಶ್ಚಿಮದಿಂದ ಪೂರ್ವಕ್ಕೆ ಇಳಿಯುತ್ತ ಹೋಗುವುದು. ನಿಪ್ಪಾಣಿಯ ಕಡೆ ಸಹ್ಯಾದ್ರಿಯ ಮಳೆಯ ಸೆರಗು ತಾಗಿದರೆ, ಅಥಣಿಯ ಮೂಡಲ ಭಾಗ ಬರಗಾಲಕ್ಕೆ ಪಕ್ಕಾದ ನೆಲ. ಆದುದರಿಂದ ಮಳೆಗಾಲದಲ್ಲಿ ಹಿಂಡುಗಳು ಮೂಡಲ ಮಡ್ಡಿಗಳಲ್ಲಿ ಇರಬಯಸುವುದು ಸಹಜ. ಸುಗ್ಗಿಯ ಮೇಲೆ ಅವು ಕೊಯ್ಲಾದ ಹೊಲಗಳನ್ನೂ ನದೀತೀರದ ನೀರಾವರಿ ಊರುಗಳನ್ನೂ ಅರಸಿ ಹೊರಡುವುವು. ಅಲ್ಲಿ ಕೂಳೆಯೂ ಕಬ್ಬಿನ ಸೋಗೆಯೂ ಮೇವಾಗುವುವು. ರಾತ್ರಿ ಹೊಲದಲ್ಲಿ ಕುರಿ ತರುಬಿಸಿದ್ದಕ್ಕೆ ರೈತನು ಕಾಳನ್ನೋ ಹಣವನ್ನೋ ಕೊಡುವನು, ಏಕೆಂದರೆ ಹಿಕ್ಕೆ ಗಂಜಲಗಳ ಗೊಬ್ಬರದ ಬೆಲೆ ಅವನಿಗೆ ಗೊತ್ತು.

ಎರಡೂ ಪಂಚಾಂಗಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟರೆ ತೊಡಕು ತಾನಾಗಿಯೇ ಹೊರಬೀಳುವುದು. ಪಶ್ಚಿಮದ ಗುಡ್ಡಗಳಲ್ಲಿ ಹುಲ್ಲು ಹಸಿಯಾಗಿರುವಾಗ ಹಿಂಡು ಪೂರ್ವದಲ್ಲಿ. ಹಿಂಡು ಪಶ್ಚಿಮಕ್ಕೆ ಬರುವಾಗ ಹುಲ್ಲು ಕರಡವಾಗಿ ನಿಂತಿದೆ, ಕೆಳಗಿನ ಹೊಲದಲ್ಲಿ ಅದಕ್ಕಿಂತ ರುಚಿಯಾದ ಮೇವೂ ರಾತ್ರಿಯ ಸಂಪಾದನೆಯೂ ಕಾದಿವೆ. ಸುಡುವ ಗುಡ್ಡವನ್ನು ಹತ್ತುವುದಕ್ಕೆ ಕುರಿಗೂ ಕುರಿಗಾರನಿಗೂ ಕಾರಣವಿಲ್ಲ.

ಹಿಂದೆ ಈ ಅಂತರವನ್ನು ತುಂಬುತ್ತಿದ್ದುದು ಊರಿನ ದನ. ಎತ್ತು, ಎಮ್ಮೆ, ಆಕಳುಗಳು ಮಳೆಗಾಲವಿಡೀ ಗುಡ್ಡದಲ್ಲಿ ಮೇಯುತ್ತಿದ್ದವು. ಉದ್ದನೆಯ ಹುಲ್ಲನ್ನು ನಾಲಗೆಯಿಂದ ಸುತ್ತಿ ಕೀಳುವುದು ದನಕ್ಕೆ ಸುಲಭ. ಗಿಡ್ಡ ಹುಲ್ಲನ್ನು ನೆಲಕ್ಕೆ ತಾಗುವಂತೆ ಕತ್ತರಿಸುವುದು ಕುರಿಯ ಸ್ವಭಾವ. ಆಡು ಪೊದೆಯನ್ನೇ ಬಯಸುವುದು. ದನ ಮುಂದೆ, ಕುರಿ ಹಿಂದೆ ಎಂಬ ಕ್ರಮದಲ್ಲಿ ಗುಡ್ಡ ತಾನಾಗಿ ಬರಿದಾಗುತ್ತಿತ್ತು. ಉಳಿದುದನ್ನು ಜನ ಕುಡಗೋಲಿನಿಂದ ಕೊಯ್ದು ಬಣವೆಗೂ ಛಾವಣಿಗೂ ಒಯ್ಯುತ್ತಿದ್ದರು. ಟ್ರ್ಯಾಕ್ಟರು ಬಂದು ಎತ್ತುಗಳು ಕಡಿಮೆಯಾದವು; ಹೈನಿನ ಮಿಶ್ರತಳಿ ಆಕಳು ಕೊಟ್ಟಿಗೆಯಲ್ಲಿಯೇ ನಿಂತು ಸೋಗೆ ತಿನ್ನುವುದು; ಛಾವಣಿಗೆ ತಗಡು ಬಂದಿತು. ಗುಡ್ಡದ ಹುಲ್ಲಿಗೆ ಗಿರಾಕಿ ಇಲ್ಲವಾಯಿತು. ಹುಲ್ಲು ಹೆಚ್ಚು ಬೆಳೆಯುತ್ತಿದೆಯೆಂದಲ್ಲ, ಬೆಳೆದುದು ಬೇಸಗೆಯವರೆಗೆ ಉಳಿಯುತ್ತಿದೆ.

ಗಾಯರಾಣವೂ ಕಾನೂನೂ

ಸಾರ್ವಜನಿಕ ಭೂಮಿ ಎಂದರೆ ಒಂದೇ ಬಗೆಯದಲ್ಲ. ಈ ಸೀಮೆಯ ಹೆಚ್ಚಿನ ಭಾಗ ಮುಂಬಯಿ ಇಲಾಖೆಗೆ ಸೇರಿತ್ತು. ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿದ್ದು ೧೯೪೯ರ ವಿಲೀನದ ನಂತರ ಇತ್ತ ಬಂದಿತು. ೧೯೫೬ರಲ್ಲಿ ಜಿಲ್ಲೆಯೇ ಮೈಸೂರು ರಾಜ್ಯಕ್ಕೆ ಸೇರಿತು. ನಿಪ್ಪಾಣಿ ಕಾಗವಾಡಗಳು ಚಿಕ್ಕೋಡಿ ಅಥಣಿಗಳಿಂದ ಬೇರೆಯಾಗಿ ತಾಲ್ಲೂಕುಗಳಾದುದು ತೀರ ಈಚೆಗೆ. ೧೮೭೯ರ ಮುಂಬಯಿ ಭೂಕಂದಾಯ ಸಂಹಿತೆಯು ಊರಿನ ದನಗಳ ಉಚಿತ ಮೇವಿಗಾಗಿ ಭೂಮಿಯನ್ನು ತೆಗೆದಿರಿಸಲು ಅವಕಾಶ ಕಲ್ಪಿಸಿತ್ತು. ನಮ್ಮವರು ಗಾಯರಾಣವೆಂದು ಕರೆಯುವುದು ಇದನ್ನೇ, ಹಳೆಯ ಮೈಸೂರಿನವರ ಗೋಮಾಳ. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ ೧೦೦ ದನಗಳಿಗೆ ೧೨ ಹೆಕ್ಟೇರು ಮೇವಿನ ಭೂಮಿ ಇರಬೇಕು. ಈ ನಿಯಮದಲ್ಲಿ ಒಂದು ಸೂಕ್ಷ್ಮವಿದೆ: ದನಗಳ ಸಂಖ್ಯೆ ಕುಂದಿದಂತೆ ಗಾಯರಾಣವೂ ಅವಶ್ಯಕತೆಗಿಂತ ಹೆಚ್ಚೆನಿಸಿ ಬೇರೆ ಉದ್ದೇಶಗಳಿಗೆ ಸಿಗುವಂತಾಗುವುದು. ಒಂದು ಋತುವಿಗೆ ಬಂದು ಹೋಗುವ ಪರವೂರಿನ ಹಿಂಡು ಊರಿನ ಲೆಕ್ಕಕ್ಕೆ ಬರುವುದು ಕಷ್ಟ.

ಅರಣ್ಯ ಇಲಾಖೆಯ ನೆಲದ ಸ್ಥಿತಿ ಬೇರೆ. ಹೊಸದಾಗಿ ಸಸಿ ನೆಟ್ಟ ಪ್ರದೇಶವನ್ನು ಕೆಲವು ವರ್ಷ ಮೇವಿಗೆ ಮುಚ್ಚುವುದು ನ್ಯಾಯವಾದದ್ದೇ. ಎಳೆಯ ಸಸಿಗೆ ಆಡಿನ ಬಾಯಿಯಷ್ಟು ದೊಡ್ಡ ಶತ್ರು ಬೇರೊಂದಿಲ್ಲ. ಆದರೆ ಮುಚ್ಚಿದ ನೆಡುತೋಪಿನಲ್ಲಿ ಸಸಿಗಳ ನಡುವೆ ಹುಲ್ಲು ಎದೆಯುದ್ದ ಬೆಳೆದು ನಿಲ್ಲುವುದು. ಕಂದಕದ ಈಚೆಗೆ ಗಾಯರಾಣವು ಅತಿಯಾಗಿ ಮೇಯಿಸಿ ಬೋಳಾಗಿದೆ. ಆಚೆಗೆ ಸಸಿಗಳನ್ನು ಕಾಯಲು ಹೊರಟು ಅವುಗಳ ಸುತ್ತ ಉರುವಲನ್ನು ಒಟ್ಟಿದಂತಾಗಿದೆ. ಕಿಚ್ಚು ಬಿದ್ದರೆ ಆಡು ತಿನ್ನಬಹುದಾಗಿದ್ದ ಸಸಿಗಿಂತ ಎಷ್ಟೋ ಪಾಲು ಹೆಚ್ಚು ಸಸಿಗಳು ಒಂದೇ ಮಧ್ಯಾಹ್ನದಲ್ಲಿ ಹೋಗುವುವು. ಮುಚ್ಚುವ ಆಜ್ಞೆಯೊಡನೆ ಹುಲ್ಲು ಕೊಯ್ಯಿಸುವ ಏರ್ಪಾಡೂ ಇರಬೇಕಾಗಿತ್ತು.

ಕುರಿಗಾರನ ಹಕ್ಕಿನ ಮಾತು ಇನ್ನೂ ತೊಡಕಿನದು. ೧೮೭೧ರ ದನಗಳ ಅತಿಕ್ರಮ ಪ್ರವೇಶ ಕಾಯಿದೆಯ ಕಾಲದಿಂದ ಕೊಂಡವಾಡದ ಭಯ ಅವನ ಬೆನ್ನಿಗಿದೆ. ೨೦೦೬ರ ಅರಣ್ಯ ಹಕ್ಕುಗಳ ಕಾಯಿದೆಯು ಸಂಚಾರಿ ಪಶುಪಾಲಕರ ಋತುಮಾನದ ಮೇವಿನ ಹಕ್ಕನ್ನು ಹೆಸರೆತ್ತಿ ಒಪ್ಪಿಕೊಂಡಿದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರಿನ, ಅಂದರೆ ೭೫ ವರ್ಷಗಳ ಸಂಬಂಧವನ್ನು ತೋರಿಸಬೇಕಾಗುವುದು. ನಡೆದುಹೋಗುವವನ ಹೆಜ್ಜೆಗೆ ದಸ್ತಾವೇಜು ಎಲ್ಲಿಂದ ತರುವುದು? ೨೦೨೫ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ಬೆಟ್ಟದ ವನ್ಯಧಾಮದಲ್ಲಿ ವಿಷವಿಕ್ಕಿದ ಹಸುವಿನ ಮಾಂಸ ತಿಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತ ಮೇಲೆ, ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಬೇಕೆಂಬ ಮಾತು ಸರಕಾರದ ಮಟ್ಟದಲ್ಲಿ ಬಲವಾಗಿ ಕೇಳಿಬಂದಿತು. ಹುಲಿಯ ಕಾಡಿಗೆ ಹೊಂದುವ ನಿಯಮವನ್ನು ಹುಲಿಯೇ ಇಲ್ಲದ ಹುಲ್ಲುಗುಡ್ಡಕ್ಕೂ ಅದೇ ಅಕ್ಷರಗಳಲ್ಲಿ ಅನ್ವಯಿಸಿದರೆ ಏನಾಗುವುದೆಂಬುದನ್ನು ಮೇಲಿನ ಲೆಕ್ಕವೇ ತೋರಿಸುವುದು.

ಕುರಿಗಾರರ ಮೇಲಿನ ಒಂದು ಆಕ್ಷೇಪವನ್ನು ಇಲ್ಲಿಯೇ ಎತ್ತಿಕೊಳ್ಳಬೇಕು. ಹೊಸ ಚಿಗುರಿನ ಆಸೆಗೆ ಒಣ ಹುಲ್ಲಿಗೆ ಬೆಂಕಿ ಹಚ್ಚುವವರು ಅವರೇ ಅಲ್ಲವೆ ಎಂದು ಕೇಳುವವರುಂಟು. ಭಾರತದಲ್ಲಿ ಕಾಡಿನ ಬೆಂಕಿಯಲ್ಲಿ ಬಹುಪಾಲು ಮನುಷ್ಯರಿಂದಲೇ ಹುಟ್ಟುವುದೆಂಬುದೂ, ಮೇವಿಗಾಗಿ ಹುಲ್ಲು ಸುಡುವ ಪದ್ಧತಿ ಅನೇಕ ಕಡೆ ಇದ್ದಿತೆಂಬುದೂ ನಿಜ. ಆದರೆ ಹುಲ್ಲನ್ನು ಸುಡುವ ಅಗತ್ಯ ಬೀಳುವುದು ಅದು ಹಸಿಯಾಗಿದ್ದಾಗ ಯಾರೂ ಮೇಯಿಸದೆ ಕರಡವಾದಾಗ. ಸಕಾಲದಲ್ಲಿ ಮೇಯಿಸಿದ ನೆಲದಲ್ಲಿ ಸುಡುವುದಕ್ಕೆ ಏನೂ ಉಳಿದಿರುವುದಿಲ್ಲ. ಸುಡುವವನನ್ನು ಹಿಡಿದು ದಂಡಿಸುವುದಕ್ಕಿಂತ ಸುಡುವ ಲಾಭವನ್ನು ಇಲ್ಲವಾಗಿಸುವುದು ಮೇಲಲ್ಲವೆ?

ಬೇರೆಡೆಯ ಅನುಭವ

ಸ್ಪೇನ್ ದೇಶದ ಆಂಡಲೂಸಿಯಾ ಪ್ರಾಂತದಲ್ಲಿ ಈ ಶತಮಾನದ ಮೊದಲ ದಶಕದಿಂದ ಒಂದು ಏರ್ಪಾಡು ನಡೆದುಬಂದಿದೆ. ಸಾರ್ವಜನಿಕ ಅರಣ್ಯಗಳಲ್ಲಿ ಕಡಿದಿರಿಸಿದ ಬೆಂಕಿರೇಖೆಗಳನ್ನು ಕುರಿ ಆಡುಗಳಿಂದ ಮೇಯಿಸಲು ಅಲ್ಲಿಯ ಸರಕಾರವು ಕುರಿಗಾರರೊಡನೆ ಕರಾರು ಮಾಡಿಕೊಳ್ಳುವುದು. ಇಳಿಜಾರು, ಪೊದೆಗಳ ದಟ್ಟಣೆ, ದಡ್ಡಿಯಿಂದ ಇರುವ ದೂರ ಇವುಗಳಿಗೆ ಅನುಸಾರವಾಗಿ ಹೆಕ್ಟೇರಿಗೆ ಇಷ್ಟೆಂದು ಹಣ ನಿಗದಿಯಾಗುವುದು. ಋತು ಮುಗಿದ ಮೇಲೆ ತಜ್ಞರು ಬಂದು ಎಷ್ಟು ಮೇಯಿಸಲಾಗಿದೆಯೆಂದು ನೋಡಿ ಅಳೆದು ಸಂದಾಯ ಮಾಡುವರು. ಮೇಯಿಸುವುದಕ್ಕೆ ಅಪ್ಪಣೆ ಬೇಡುವವನು ಅಲ್ಲಿ ಕೂಲಿ ಪಡೆಯುವ ಕೆಲಸಗಾರನಾಗಿದ್ದಾನೆ. ಇಡೀ ಕಾಡನ್ನು ಮೇಯಿಸುವ ಹಂಬಲ ಅವರಿಗಿಲ್ಲವೆಂಬುದನ್ನೂ ಗಮನಿಸಬೇಕು, ರೇಖೆಗಳನ್ನು ಮಾತ್ರ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ೨೦೧೭ರ ಒಂದೇ ವರ್ಷದಲ್ಲಿ ದನಗಳು ಹುಲ್ಲುಗಾವಲುಗಳಿಂದ ಸುಮಾರು ೫೨೬ ಕೋಟಿ ಕಿಲೋ ಮೇವನ್ನು, ಸರಾಸರಿ ಎಕರೆಗೆ ೨೭೦ ಕಿಲೋವನ್ನು, ತೆಗೆದುವೆಂದು ಅಲ್ಲಿಯ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಲ್ಲಿಯ ಮಳೆ ಚಳಿಗಾಲದ್ದು. ಅವರ ತಿಂಗಳುಗಳು ನಮಗೆ ಹೊಂದವು. ಹೊಂದುವುದು ತತ್ತ್ವ ಮಾತ್ರ.

ನಮ್ಮದೇ ರಾಜ್ಯದ ದಕ್ಷಿಣದಲ್ಲಿ ಈ ತತ್ತ್ವದ ಮಿತಿಯೂ ಗೋಚರವಾಗುವುದು. ೨೦೧೯ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಎದ್ದ ಕಿಚ್ಚು ೪,೪೦೦ ಹೆಕ್ಟೇರಿಗೂ ಮಿಕ್ಕ ಕಾಡನ್ನು ಸುಟ್ಟಿತು. ಅಲ್ಲಿ ಲಂಟಾನದ ಪೊದೆಗಳೇ ಮುಖ್ಯವಾದ ಉರುವಲುಗಳಲ್ಲೊಂದು. ಅದರ ಎಲೆ ದನ ಕುರಿಗಳಿಗೆ ವಿಷ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಲ್ಲೇ ತರಗಿಗೆ ಸಣ್ಣ ಬೆಂಕಿಯಿಟ್ಟು ದೊಡ್ಡ ಬೆಂಕಿಯನ್ನು ತಪ್ಪಿಸುತ್ತಿದ್ದರು. ೧೯೭೪ರಲ್ಲಿ ಅದು ವನ್ಯಧಾಮವಾದ ಮೇಲೆ ಆ ಪದ್ಧತಿಗೆ ತಡೆ ಬಿದ್ದಿತು, ಲಂಟಾನ ಹಬ್ಬಿದ್ದಕ್ಕೆ ಅದೂ ಒಂದು ಕಾರಣವೆಂಬುದು ಅವರ ಮತ. ಆ ಕಾಡಿಗೆ ಕುರಿಯ ಹಿಂಡು ಪರಿಹಾರವಲ್ಲ. ಅಥಣಿ ಚಿಕ್ಕೋಡಿಗಳ ಹುಲ್ಲುಮಡ್ಡಿಗೆ ಸೋಲಿಗರ ಬೆಂಕಿಯೂ ಬೇಕಾಗಿಲ್ಲ. ಪರಿಹಾರವು ಉರುವಲಿನ ಜಾತಿಯನ್ನು ಅನುಸರಿಸಬೇಕು.

ಆಗಬಹುದಾದ ಕೆಲಸ

ಮುನ್ನೂರು ಕುರಿಗಳ ಒಂದು ಹಿಂಡು ಏನು ಮಾಡಬಲ್ಲುದು? ಮೂವತ್ತು ಕಿಲೋ ತೂಗುವ ದಖ್ಖನಿ ಕುರಿ ದಿನಕ್ಕೆ ಒಣತೂಕದಲ್ಲಿ ಹೆಚ್ಚು ಕಡಿಮೆ ೮೦೦ ಗ್ರಾಮು ಮೇವು ತಿನ್ನುವುದೆಂದರೆ ಹಿಂಡಿಗೆ ೨೪೦ ಕಿಲೋ. ಗುಡ್ಡದ ಬುಡದಲ್ಲಿ ೧ ಕಿಲೋಮೀಟರು ಉದ್ದ, ೨೦ ಮೀಟರು ಅಗಲದ ಪಟ್ಟಿಯ ಕ್ಷೇತ್ರ ೨ ಹೆಕ್ಟೇರು. ಅಲ್ಲಿ ಹೆಕ್ಟೇರಿಗೆ ೪ ಟನ್ನಿರುವ ಹುಲ್ಲನ್ನು ೧ ಟನ್ನಿಗೆ ಇಳಿಸಲು ೬ ಟನ್ನು ತೆಗೆಯಬೇಕು. ಹಿಂಡಿಗೆ ೨೫ ದಿನದ ಕೆಲಸ. ಮಳೆಗಾಲದಲ್ಲಿ ಹುಲ್ಲು ಪೂರ್ಣ ಬೆಳೆಯುವ ಮೊದಲೇ ಮೇಯಿಸುವುದರಿಂದಲೂ, ಕಾಲ್ತುಳಿತಕ್ಕೆ ಸಿಕ್ಕಿದ ಹುಲ್ಲು ನೆಲಕ್ಕಂಟಿ ಕೊಳೆಯುವುದರಿಂದಲೂ ದಿನಗಳು ಕೆಲಮಟ್ಟಿಗೆ ಕಡಿಮೆಯಾಗಬಹುದು. ಆದರೂ ಆರು ಕಿಲೋಮೀಟರು ಸುತ್ತಳತೆಯ ಗುಡ್ಡಕ್ಕೆ ಐದಾರು ಹಿಂಡುಗಳು ಬೇಕು. ಇಡೀ ಗುಡ್ಡವನ್ನು ಮೇಯಿಸಿ ಕಿಚ್ಚನ್ನು ಗೆಲ್ಲುವೆವೆಂಬುದು ಆಗದ ಮಾತು; ಹಾಗೆ ಮಾಡಹೊರಟರೆ ಬಹುವರ್ಷಜೀವಿ ಹುಲ್ಲುಗಳು ಹೋಗಿ, ಬೇಗ ಒಣಗುವ ನಿಸ್ಸಾರ ಹುಲ್ಲುಗಳು ಬಂದು ನೆಲ ಕೆಡುವುದೂ ಖಂಡಿತ. ಮೇಯಿಸಬೇಕಾದುದು ಕಿಡಿ ಬೀಳುವ ಸಂಭವ ಹೆಚ್ಚಿರುವ ಅಂಚುಗಳನ್ನು: ರಸ್ತೆಯ ಬದಿ, ಕಬ್ಬಿನ ಹೊಲದ ಎಲ್ಲೆ, ವಿದ್ಯುತ್ ಮಾರ್ಗದ ಅಡಿ, ನೆಡುತೋಪಿನ ಸುತ್ತ. ಒಳಭಾಗವನ್ನು ಹಕ್ಕಿಗಳಿಗೂ ಬೀಜ ಕಟ್ಟುವ ಹುಲ್ಲಿಗೂ ಬಿಟ್ಟುಬಿಡಬೇಕು.

ಈ ಪಟ್ಟಿಗಳಿಗೆ ಉತ್ತರೆಯ ಮಳೆ ಸಡಿಲವಾಗುವ ಹೊತ್ತಿಗೆ ಹಿಂಡು ಬರಬೇಕಾದರೆ, ಮೂಡಲ ಮಡ್ಡಿಯಿಂದ ಅದನ್ನು ಸೆಳೆಯುವ ಕಾರಣವಿರಬೇಕು. ಹೊಲದಲ್ಲಿ ಕುರಿ ತರುಬಿಸಿದ್ದಕ್ಕೆ ರೈತನು ಕೊಡುವಂತೆ ಗುಡ್ಡದಂಚು ಮೇಯಿಸಿದ್ದಕ್ಕೆ ಪಂಚಾಯತಿಯೋ ಅರಣ್ಯ ಇಲಾಖೆಯೋ ಕೊಡಬೇಕಾಗುವುದು. ಬೆಂಕಿರೇಖೆಯ ಹುಲ್ಲು ಕೊಯ್ಸುವುದಕ್ಕೂ ಸುಡಿಸುವುದಕ್ಕೂ ಹೇಗೂ ಕೂಲಿ ಬೇಕಲ್ಲವೆ? ಅದರ ಒಂದು ಪಾಲು ಕುರಿಗಾರನಿಗೆ ಸಂದರೆ ಸರಕಾರಕ್ಕೆ ಹೊಸ ಭಾರವೇನಲ್ಲ. ಹಣಕ್ಕಿಂತಲೂ ಮುಖ್ಯವಾಗಿ ಅವನು ಕೇಳುವುದು ಬೇರೆಯುಂಟು: ಹಿಂಡು ತಂಗಲು ಎತ್ತರದ ಒಣನೆಲ, ಕುಡಿಯುವ ನೀರು, ಗೊರಸಿನ ಬೇನೆಗೂ ಜಂತಿಗೂ ಪಶುವೈದ್ಯರ ಮದ್ದು, ಕಳ್ಳರಿಂದ ರಕ್ಷಣೆ, ಕಾವಲುಗಾರನು ಕೇಳಿದಾಗ ತೋರಿಸಲು ಒಂದು ಬರೆದ ಕಾಗದ. ಸಂಚಾರಿ ಕುರಿಗಾರರ ಕ್ಷೇಮಕ್ಕೂ ರಕ್ಷಣೆಗೂ ಸಂಬಂಧಿಸಿದ ಮಸೂದೆಯೊಂದು ೨೦೨೫ರಲ್ಲಿ ನಮ್ಮ ವಿಧಾನಮಂಡಲದಲ್ಲಿ ಅಂಗೀಕೃತವಾದುದು ಈ ದಿಕ್ಕಿನಲ್ಲಿ ಉಪಯೋಗವಾದೀತು. ನೆಡುತೋಪಿನ ಒಳಗೆ ಮಾತ್ರ, ಸಸಿ ಬಾಯಿಗೆಟುಕದಷ್ಟು ಎತ್ತರವಾಗುವವರೆಗೆ, ಕುಡಗೋಲೇ ಗತಿ; ಆಡನ್ನಂತೂ ಯಾವ ಕಾಲಕ್ಕೂ ಸೇರಿಸಲಾಗದು.

ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ೨೦೦೪ರಿಂದ ಉಪಗ್ರಹಗಳ ಮೂಲಕ ಬೆಂಕಿಯ ಸೂಚನೆಗಳನ್ನು ಕೊಡುತ್ತಿದೆ. ಆದರೆ ೩೭೫ ಮೀಟರಿನ ಚೌಕಗಳಲ್ಲಿ ನೋಡುವ ಉಪಗ್ರಹಕ್ಕೆ, ಅದು ತಲೆಯ ಮೇಲೆ ಹಾಯುವ ಎರಡು ವೇಳೆಗಳ ನಡುವೆ ಹೊತ್ತಿ ಆರಿದ ಹುಲ್ಲಿನ ಕಿಚ್ಚು ಕಾಣದೆ ಹೋಗಬಹುದು. ಈ ಕೊರತೆಯನ್ನು ತುಂಬುವ ಕೆಲಸ ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ, ಭೂಗೋಳ ವಿದ್ಯಾರ್ಥಿಗಳಿಂದ ಆಗಬಲ್ಲುದು. ಉಪಕರಣಗಳೆಂದರೆ ಒಂದು ಮೀಟರಿನ ನಾಲ್ಕು ಕೋಲುಗಳ ಚೌಕಟ್ಟು, ಕುಡಗೋಲು, ತಕ್ಕಡಿ ಇಷ್ಟೇ. ಮೇಯಿಸಿದ ಅಂಚು, ಮುಚ್ಚಿದ ನೆಡುತೋಪು, ಊರ ಗಾಯರಾಣ ಈ ಮೂರೆಡೆ ಹತ್ತು ಹತ್ತು ಚೌಕಗಳ ಹುಲ್ಲನ್ನು ಬುಡಕ್ಕೆ ಕೊಯ್ದು, ತೂಕ ಇಳಿಯದಂತಾಗುವವರೆಗೆ ಒಣಗಿಸಿ ತೂಗಬೇಕು. ಒಮ್ಮೆ ಹಸ್ತೆಯ ಕೊನೆಗೆ, ಇನ್ನೊಮ್ಮೆ ಶಿವರಾತ್ರಿಯ ಮುನ್ನ. ಚೌಕದ ಹುಲ್ಲು ಎಷ್ಟು ಗ್ರಾಮು ತೂಗಿತೋ ಅದರ ಹತ್ತು ಪಟ್ಟು ಹೆಕ್ಟೇರಿನ ಕಿಲೋ. ಶಿವರಾತ್ರಿಯ ತೂಕ ಸರಾಸರಿ ೧೦೦ ಗ್ರಾಮಿನ ಆಸುಪಾಸಿನಲ್ಲಿದ್ದರೆ ಆ ಅಂಚಿನಲ್ಲಿ ಮನುಷ್ಯರು ನಿಂತು ಕಿಚ್ಚನ್ನು ತಡೆಯಬಹುದು. ೪೦೦ರತ್ತ ಏರಿದ್ದರೆ ಮುಂದಿನ ಮಳೆಗಾಲದಲ್ಲಿ ಆ ಜಾಗಕ್ಕೆ ಹಿಂಡನ್ನು ಇನ್ನೆಷ್ಟು ದಿನ ಕರೆಸಬೇಕೆಂಬುದನ್ನು ಮೇಲಿನ ಲೆಕ್ಕದಿಂದಲೇ ತಿಳಿಯಬಹುದು.